ಐದಕ್ಕೆ ಹತ್ತು ನಿಮಿಷ

ಮೊನ್ನೆ ನನ್ನ ಹಳೆಯ ಎಕ್ಸ್‌ರೇ ಹುಡುಕಲು ನಾಗರತ್ನ ಗರಾಜಿನಲ್ಲಿದ್ದ ಟ್ರಂಕು ಬಿಚ್ಚಿದಳು. ಎಕ್ಸ್‌ರೇ ಸಿಗಲಿಲ್ಲ. ಸಿಕ್ಕಿದ್ದು ಒಂದು ಕಪ್ಪು ರಬ್ಬರಿನ ಮಾಸ್ಕು. ಆಪರೇಷನ್ನಿಗೆ ಮುಂಚೆ ರೋಗಿಯ ಮೂಗು ಬಾಯಿ ಸೇರಿಸಿ ಒತ್ತಿ ಹಿಡಿಯುತ್ತಿದ್ದರಲ್ಲ, ಆ ಹಳೇ ಕಾಲದ್ದು. "ರೀ, ನಿಮ್ಮ ಹಳೇ ಫ್ರೆಂಡು ಸಿಕ್ಕಿದ" ಎಂದು ನಗುತ್ತ ಅದನ್ನು ತಂದು ಅಡುಗೆಮನೆಯ ಮೇಜಿನ ಮೇಲೆ, ನನ್ನ ಕಾಫಿ ಲೋಟದ ಪಕ್ಕದಲ್ಲಿಟ್ಟಳು. ಎತ್ತಿ ಮೂಸಿದೆ. ಮೂವತ್ತು ವರ್ಷ ದಾಟಿದರೂ ವಾಸನೆ ಹೋಗಿಲ್ಲ. ಸೈಕಲ್ ಟ್ಯೂಬಿನದು, ಬಿಸಿನೀರಿನ ಚೀಲದ್ದು, ಜೊತೆಗೆ ಚೂರು ಸ್ಪಿರಿಟ್ಟಿನದು. ತಟ್ಟನೆ ಮೇಜಿನ ಮೇಲಿಟ್ಟು ದೂರ ಸರಿಸಿದೆ.

ಬರುವ ವಾರ ನನಗೆ ಹರ್ನಿಯಾ ಆಪರೇಷನ್. ಅದಕ್ಕೇ ಹೆದರಿದ್ದೇನೆ ಎಂದು ನಾಗು ತಿಳಿದುಕೊಂಡಳು. ನಿಜ ಹೇಳುತ್ತೇನೆ, ಕತ್ತಿಗೆ ನಾನು ಹೆದರಿರಲಿಲ್ಲ. ಹೆದರಿದ್ದು ಏಳುವ ಹೊತ್ತಿಗೆ. ಆಪರೇಷನ್ ಥಿಯೇಟರಿನ ಹಳೆಯ ನರ್ಸು ಎಂದು ಆಗ ನಾಗುವನ್ನು ನನ್ನ ಪಕ್ಕದಲ್ಲಿರಲು ಬಿಡುತ್ತಾರಂತೆ. ಅರಿವಳಿಕೆ ಇಳಿಯುವಾಗ ಜನ ಏನೇನೋ ಬಾಯಿ ಬಿಡುತ್ತಾರೆಂದು ನನ್ನ ಹೆಂಡತಿಯೇ ಎಷ್ಟೋ ಸಲ ಹೇಳಿದ್ದಾಳೆ. ಹೆಂಡತಿಗೆ ಹೇಳದ್ದು, ಪಾದ್ರಿಗೆ ಹೇಳದ್ದು ಎಲ್ಲ ಹೊರಗೆ ಬರುತ್ತದಂತೆ. "ನಾವು ಕೇಳಿಸಿಕೊಳ್ಳಲ್ಲ. ಕೇಳಿಸಿದ್ರೂ ಅಲ್ಲೇ ಬಿಟ್ಟು ಬರ್ತೀವಿ. ಅದು ನಮ್ಮ ಕೆಲಸದ ಮರ್ಯಾದೆ" ಎನ್ನುತ್ತಿದ್ದಳು. ನನ್ನ ಹೊಟ್ಟೆಯಲ್ಲಿಯೂ ಅಂಥದ್ದೊಂದು ಕೂತಿತ್ತು. ಹಳೆಯ ಒಂದು ಬುಧವಾರದ್ದು. ಅದನ್ನು ನಿಮಗೆ ಮೊದಲಿನಿಂದ ಹೇಳುತ್ತೇನೆ.

ನಾನು ಎಸ್‌ಎಸ್‌ಎಲ್‌ಸಿಯವರೆಗೆ ಓದಿದವನು. ಮೈಸೂರಿನಲ್ಲಿ ರೈಲ್ವೆ ಟಪಾಲಿನಲ್ಲಿ ಸಾರ್ಟರ್ ಆಗಿದ್ದೆ. ಓಡುವ ರೈಲಿನಲ್ಲಿ ನಿಂತು, ಗೂಡುಗೂಡಾದ ಹಲಗೆಯೊಳಕ್ಕೆ ಕಾಗದಗಳನ್ನು ಊರೂರಿಗೆ ವಿಂಗಡಿಸುವ ಕೆಲಸ. ನಮ್ಮ ಮೇಲಿನವರು ಒಂದು ಮಾತು ಹೇಳಿಕೊಟ್ಟಿದ್ದರು: ಕಾಗದ ತಪ್ಪು ಗೂಡಿಗೆ ಹೋದರೆ ಅದು ತಪ್ಪು, ಕೈಯಲ್ಲೇ ಉಳಿದರೆ ಅದು ಪಾಪ. ಹನ್ನೆರಡು ವರ್ಷ ಆ ಪಾಪ ನಾನು ಮಾಡಲಿಲ್ಲ. ನಾಗರತ್ನ ಆಸ್ಪತ್ರೆಯಲ್ಲಿ ನರ್ಸು. ಅವಳಿಗೆ ಸಿಡ್ನಿಯಲ್ಲಿ ಕೆಲಸ ಸಿಕ್ಕಿತು, ಅವಳ ಹಿಂದೆ ನಾನೂ ಮಗಳು ಪಲ್ಲವಿಯೂ ಬಂದೆವು. ಪ್ಯಾರಮಟ್ಟಾದಲ್ಲಿ ಬಾಡಿಗೆ ಫ್ಲಾಟು. ನನಗೆ ಇಲ್ಲಿಯೂ ಟಪಾಲು ವಿಂಗಡಿಸುವ ಕೆಲಸವೇ ಸಿಕ್ಕಿತು, ರೈಲು ಮಾತ್ರ ಇರಲಿಲ್ಲ.

ಆಗ ಸಿಡ್ನಿಯಲ್ಲಿದ್ದ ಕನ್ನಡದವರೆಲ್ಲ ಡಾಕ್ಟರು, ಎಂಜಿನಿಯರು, ಪ್ರೊಫೆಸರು. ಸಂಘದ ಊಟದಲ್ಲಿ ನನ್ನನ್ನು ಪರಿಚಯ ಮಾಡಿಕೊಡುವಾಗ "ಇವರು ನಾಗರತ್ನ ಅವರ ಹಸ್ಬೆಂಡ್" ಎಂದು ಅಲ್ಲಿಗೇ ನಿಲ್ಲಿಸುತ್ತಿದ್ದರು. ಮುಂದೆ ಹೇಳಲು ಏನೂ ಇರಲಿಲ್ಲ ಅನ್ನಿ. ಆದರೆ ನನ್ನ ಬಳಿಯೂ ಒಂದು ಅಸ್ತ್ರವಿತ್ತು. ಅಣ್ಣ ವರ್ಷ ವರ್ಷ ಮೈಸೂರಿನಿಂದ ಪಂಚಾಂಗ ಕಳಿಸುತ್ತಿದ್ದ. ಇಲ್ಲಿನ ಸೂರ್ಯೋದಯಕ್ಕೆ ಹೊಂದಿಸಿ ರಾಹುಕಾಲ ತೆಗೆಯಲು ನನಗೊಬ್ಬನಿಗೇ ಬರುತ್ತಿತ್ತು. ಹೃದಯ ಕೊಯ್ಯುವ ಡಾಕ್ಟರು ಕೂಡ ಕಾರು ಕೊಳ್ಳುವ ಮುಂಚೆ ನನಗೆ ಫೋನು ಮಾಡಿ, "ರಾಯರೇ, ಶನಿವಾರ ಹತ್ತೂವರೆ ಆಗಬಹುದಾ?" ಎಂದು ಕೇಳುತ್ತಿದ್ದರು. ನಾನು ತಕ್ಷಣ ಹೇಳುತ್ತಿರಲಿಲ್ಲ. "ನೋಡಿ ಹೇಳ್ತೀನಿ, ಹತ್ತು ನಿಮಿಷ ಬಿಟ್ಟು ಮಾಡಿ" ಎನ್ನುತ್ತಿದ್ದೆ. ಉತ್ತರ ಗೊತ್ತಿರುತ್ತಿತ್ತು. ಹತ್ತು ನಿಮಿಷ ಅವರು ಕಾಯುವುದರಲ್ಲಿ ಒಂದು ಸುಖವಿತ್ತು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾಗುವನ್ನು ಆಪರೇಷನ್ ಥಿಯೇಟರಿಗೆ ಹಾಕಿದ್ದರು. ಒಂದು ದಿನ ಬಂದವಳು ಚಪ್ಪಲಿ ಕೂಡ ಬಿಡದೆ, "ರೀ, ಇವತ್ತು ಒಬ್ಬ ಅಜ್ಜಿ ನನ್ನ ಬೆರಳು ಹಿಡ್ಕೊಂಡೇ ನಿದ್ದೆ ಹೋದಳು. ಎದ್ದ ತಕ್ಷಣ ಕೇಳಿದ್ದೇನು ಗೊತ್ತಾ? ಆ ಬೆರಳಿನ ಹುಡುಗಿ ಎಲ್ಲಿ ಅಂತ!" ಎಂದಳು. ಈ ದೇಶದಲ್ಲಿ ಅರಿವಳಿಕೆ ಕೊಡುವವರು ಡಾಕ್ಟರೇ. ಆದರೆ ಅವರ ಪಕ್ಕದಲ್ಲಿ, ರೋಗಿಯ ತಲೆಯ ಹತ್ತಿರ, ಒಬ್ಬ ನರ್ಸು ನಿಂತಿರುತ್ತಾಳೆ. ಯಂತ್ರ ಸಿದ್ಧ ಮಾಡುವವಳು ಅವಳು, ಟ್ಯೂಬು ಕೈಗೆ ಕೊಡುವವಳು ಅವಳು, ಉಸಿರು ಏರುವುದನ್ನೂ ಇಳಿಯುವುದನ್ನೂ ಕಣ್ಣು ಕೀಳದೆ ನೋಡುವವಳು ಅವಳು. ಆ ಜಾಗಕ್ಕೆ ಹೋಗಬೇಕೆಂದು ನನ್ನ ಹೆಂಡತಿಗೆ ಹುಚ್ಚು ಹಿಡಿಯಿತು. ಅದಕ್ಕೆಂದೇ ಒಂದು ಗ್ರಾಜುಯೇಟ್ ಕೋರ್ಸು ಮೆಲ್ಬರ್ನಿನಲ್ಲಿತ್ತು. ಒಂದು ವರ್ಷದ್ದು. ಸೀಟು ಬೆರಳೆಣಿಕೆಯವು. ನಮ್ಮ ದೇಶದಲ್ಲಿ ಕಲಿತ ನರ್ಸುಗಳು ಅದಕ್ಕೆ ಅರ್ಜಿ ಹಾಕಿದ್ದನ್ನೇ ಯಾರೂ ಕೇಳಿರಲಿಲ್ಲ.

ಅಬ್ಬ, ಆ ತಿಂಗಳು ನಮ್ಮ ಮನೆಯಲ್ಲಿದ್ದ ಗಲಾಟೆ! ಆಸ್ಪತ್ರೆಯಲ್ಲಿ ಎಸೆಯಲು ಇಟ್ಟಿದ್ದ ಮಾಸ್ಕೊಂದನ್ನು ಕೇಳಿ ತಂದಿದ್ದಳು, ಈಗ ಟ್ರಂಕಿನಲ್ಲಿ ಸಿಕ್ಕಿದ್ದು ಅದೇ. ಸಂಜೆ ಊಟವಾದ ಮೇಲೆ ಸೋಫಾ ಆಪರೇಷನ್ ಟೇಬಲ್ಲು. ನಾನು ರೋಗಿ. ಒಂಬತ್ತು ವರ್ಷದ ಪಲ್ಲವಿ ಡಾಕ್ಟರು. ಗಂಟಲೊಳಗೆ ಇಣುಕುವ ಉಪಕರಣವಾಗಿ ಹುಳಿಯ ಸೌಟು, ಉಸಿರಿನ ಟ್ಯೂಬಾಗಿ ಹೋಸ್ ಪೈಪಿನ ತುಂಡು. "ಸಿಸ್ಟರ್, ಟ್ಯೂಬ್ ಪ್ಲೀಸ್" ಎಂದು ಡಾಕ್ಟರು ಕೈ ಚಾಚಿದರೆ ಸಿಸ್ಟರು ಕಣ್ಣನ್ನು ನನ್ನ ಎದೆಯಿಂದ ತೆಗೆಯದೆ ಪೈಪು ಕೊಡಬೇಕು. ಒಮ್ಮೆ ನಾನು ನಿಜವಾಗಿ ನಿದ್ದೆ ಹೋಗಿ ಗೊರಕೆ ಹೊಡೆದುಬಿಟ್ಟೆ. "ಅಮ್ಮಾ, ಹೀ ಈಸ್ ಅಲೈವ್!" ಎಂದು ಡಾಕ್ಟರು ಕಿರುಚಿದರು.

ನಗುತ್ತಿದ್ದೆ, ನಿಜ. ಒಳಗೊಳಗೇ ಕುದಿಯುತ್ತಲೂ ಇದ್ದೆ. ಒಂದು ವರ್ಷ ಇವಳು ಮೆಲ್ಬರ್ನಿಗೆ ಹೋದರೆ ಸಾರು ಮಾಡುವವರು ಯಾರು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದೂ ಸುಳ್ಳೇ. ಸಾರಿನ ಚಿಂತೆ ಇರಲಿಲ್ಲ. ಇವಳು ಇನ್ನೂ ಮೇಲೆ ಹೋದರೆ ನಾನು ಇನ್ನೂ ಎಷ್ಟು ಸಣ್ಣವನಾಗುತ್ತೇನೆ ಎಂಬುದೇ ಚಿಂತೆ. ಹೊಟ್ಟೆಕಿಚ್ಚು ಎನ್ನುವ ಶಬ್ದ ಬರೆಯಲು ಇಷ್ಟು ಸಾಲು ಸುತ್ತಿದೆ ನೋಡಿ.

ಅರ್ಜಿ ಸಿದ್ಧವಾಯಿತು. ಕೊನೆಯ ದಿನ ಶುಕ್ರವಾರ, ಸಂಜೆ ಐದು ಗಂಟೆ. ಸಹಿ ಮೊಹರು ಇದ್ದ ಮೂಲ ಕಾಗದಗಳೇ ತಲುಪಬೇಕು, ಫ್ಯಾಕ್ಸು ನಡೆಯುವುದಿಲ್ಲ. ಆ ವಾರದ ಸೋಮವಾರ ಬೆಳಿಗ್ಗೆ ದಪ್ಪ ಲಕೋಟೆಯನ್ನು ನನ್ನ ಕೈಗಿಟ್ಟು, "ಟಪಾಲಿನವರು ನೀವೇ, ಒಳ್ಳೇ ಹೊತ್ತು ನೋಡೋರೂ ನೀವೇ. ನೀವೇ ಹಾಕಿಬಿಡಿ" ಎಂದಳು. ಪಿತೃಪಕ್ಷ ನಡೆಯುತ್ತಿತ್ತು. ಶುಕ್ರವಾರ ಮಹಾಲಯ ಅಮಾವಾಸ್ಯೆ. ಸತ್ತ ಹಿರಿಯರ ಹದಿನೈದು ದಿನ ಅದು, ಹೊಸದೇನನ್ನೂ ಶುರು ಮಾಡಬಾರದು. ಲಕೋಟೆಯನ್ನು ಪಂಚಾಂಗದ ನಡುವೆ ಇಟ್ಟೆ.

ಸೋಮವಾರ ಹೋಯಿತು, ಮಂಗಳವಾರ ಹೋಯಿತು. ಬುಧವಾರ ಸಂಜೆಯ ಟಪಾಲು ಶುಕ್ರವಾರ ಬೆಳಿಗ್ಗೆ ಮೆಲ್ಬರ್ನಿನಲ್ಲಿ ಹಂಚಿಕೆಯಾಗುತ್ತದೆ, ಗುರುವಾರದ್ದು ಆಗುವುದಿಲ್ಲ. ನನಗೆ ಇದು ಗೊತ್ತಿಲ್ಲದೆ ಯಾರಿಗೆ ಗೊತ್ತಿರಬೇಕು? ಬುಧವಾರ ಕೆಲಸ ಮುಗಿಸಿ ಚೀಲದಲ್ಲಿ ಲಕೋಟೆ ಇಟ್ಟುಕೊಂಡೇ ಬಂದೆ. ಪ್ಯಾರಮಟ್ಟಾ ಸ್ಟೇಷನ್ನಿನ ಹತ್ತಿರ ಕೆಂಪು ಡಬ್ಬಿ. ಅದನ್ನು ಖಾಲಿ ಮಾಡುವುದು ಐದಕ್ಕೆ. ನಾನು ಅದರ ಎದುರು ನಿಂತಾಗ ಐದಕ್ಕೆ ಹತ್ತು ನಿಮಿಷವಿತ್ತು. ಲಕೋಟೆಯನ್ನು ಕೈಗೂ ತೆಗೆದುಕೊಂಡೆ. ನನ್ನ ಹಿಂದೆ ಬಂದ ಒಬ್ಬ ಹೆಂಗಸು ತನ್ನ ಕಾಗದ ಹಾಕಿ, ನನಗೊಂದು ನಗೆ ಬೀರಿ ಹೋದಳು. ನಾನು ಲಕೋಟೆಯನ್ನು ಚೀಲಕ್ಕೆ ಸೇರಿಸಿ ಮನೆಗೆ ನಡೆದೆ. ಆ ಹೊತ್ತಿನಲ್ಲಿ ಪಿತೃಗಳ ನೆನಪಾಗಲಿ ಅಮಾವಾಸ್ಯೆಯ ನೆನಪಾಗಲಿ ನನಗೆ ಇರಲೇ ಇಲ್ಲ. ನಾನು ಮುಚ್ಚಿಟ್ಟದ್ದು ಇದು, ಇಷ್ಟೇ.

ಗುರುವಾರ ಅವಳು ಬಂದಾಗ ಎಂಟೂವರೆ. ಉಂಡ ಮೇಲೆ ಮತ್ತೆ ಸೋಫಾ, ಮತ್ತೆ ಮಾಸ್ಕು. ಅವತ್ತು ಸೌಟು ಪೈಪು ಇರಲಿಲ್ಲ. ರೋಗಿಗೆ ಧೈರ್ಯ ಹೇಳುವುದನ್ನು ಅಭ್ಯಾಸ ಮಾಡುತ್ತಿದ್ದಳು. ಇಂಗ್ಲಿಷಿನಲ್ಲಿ ಹೇಳಿ ಹೇಳಿ ಸಾಕಾಗಿ, ಕೊನೆಗೆ ಕನ್ನಡದಲ್ಲಿ, ನನ್ನ ಗಲ್ಲದ ಕೆಳಗೆ ಎರಡು ಬೆರಳಿಟ್ಟು, "ಹೆದರಬೇಡಿ. ನಿಮಗೆ ಎಚ್ಚರ ಆಗೋವರೆಗೂ ನಾನು ಇಲ್ಲೇ ತಲೆ ಹತ್ತಿರ ಇರ್ತೀನಿ. ಎಲ್ಲೂ ಹೋಗಲ್ಲ" ಎಂದಳು. ರಬ್ಬರಿನ ವಾಸನೆಯೊಳಗೆ ನನಗೆ ಉಸಿರು ಕಟ್ಟಿತು. ಮಾಸ್ಕು ಕಿತ್ತು ಎದ್ದು ಕೂತೆ.

"ನಾಗು, ಅರ್ಜಿ ಹಾಕಿಲ್ಲ ಕಣೇ."

"ಏನು?"

"ಪಿತೃಪಕ್ಷ ಅಲ್ವಾ... ಮುಗೀಲಿ ಅಂತ..."

ಅರ್ಧ ನಿಜ ಹೊರಗೆ ಬಂತು, ಉಳಿದರ್ಧ ಒಳಗೇ ಉಳಿಯಿತು. ಅವಳು ಅಳುತ್ತಾಳೆ ಎಂದುಕೊಂಡೆ, ಬೈಯುತ್ತಾಳೆ ಎಂದುಕೊಂಡೆ. ಅವಳು ಗೋಡೆಯ ಗಡಿಯಾರ ನೋಡಿದಳು. ಮೆಲ್ಬರ್ನಿನ ರೈಲು ಹೊರಟುಹೋಗಿತ್ತು. ವಿಮಾನದ ಮಾತೇ ಇಲ್ಲ, ದೇಶದ ತುಂಬ ಪೈಲಟ್ಟುಗಳು ಕೆಲಸ ಬಿಟ್ಟು ಕೂತಿದ್ದರು.

"ಕಾರಲ್ಲಿ ಪೆಟ್ರೋಲ್ ಇದೆಯಾ?" ಎಂದಳು.

ಪಕ್ಕದ ಫ್ಲಾಟಿನಲ್ಲಿ ಮಂಗಳೂರಿನ ಫಿಲೋಮಿನಾ ಆಂಟಿ ಇದ್ದರು. ಪಲ್ಲವಿಯನ್ನು ಒಂದೆರಡು ದಿನ ನೋಡಿಕೊಳ್ಳಿ ಎಂದು ಕೇಳಲು ಹೋದರೆ ಇಡೀ ಕಥೆ ಹೇಳಿಸಿಕೊಂಡು, ಸೊಂಟದ ಮೇಲೆ ಕೈಯಿಟ್ಟು, "ಅಲ್ಲ ಮಾರಾಯ್ರೆ, ನಿಮ್ಮ ಪಂಚಾಂಗದಲ್ಲಿ ರಾಹುವಿಗೆ ಟೈಮ್ ಉಂಟು, ಕೇತುವಿಗೆ ಟೈಮ್ ಉಂಟು, ಪೋಸ್ಟ್ ಆಫೀಸಿಗೆ ಮಾತ್ರ ಇಲ್ಲವಾ?" ಎಂದರು. ಪಲ್ಲವಿ ದಿಂಬು ಅಪ್ಪಿಕೊಂಡು, "ಅಪ್ಪಾ, ಯು ಆರ್ ಇನ್ ಬಿಗ್ ಟ್ರಬಲ್" ಎಂದು ತೀರ್ಪು ಕೊಟ್ಟಳು.

ನಸುಕಿನ ನಾಲ್ಕೂವರೆಗೆ ಹೊರಟೆವು. ಅಮಾವಾಸ್ಯೆ, ಶುಕ್ರವಾರ. ನನ್ನ ಹತ್ತಿರ ಯಾರಾದರೂ ಕೇಳಿದ್ದರೆ ಬಾಗಿಲೇ ತೆಗೆಯಬೇಡಿ ಎನ್ನುತ್ತಿದ್ದ ದಿನ. ಹಳದಿ ಬಣ್ಣದ ಹಳೆಯ ಕಾರು, ಗೇರು ಬದಲಿಸಿದರೆ ಕೆಮ್ಮುತ್ತಿತ್ತು. ನಾಗು ರೇಷ್ಮೆ ಸೀರೆ ಉಟ್ಟು, ಕಾಲಿಗೆ ಡ್ಯೂಟಿಯ ಬಿಳಿ ಬೂಟು ಹಾಕಿದ್ದಳು. ಲಕೋಟೆ ಅವಳ ತೊಡೆಯ ಮೇಲೆ. ನನ್ನ ಕೈಗೆ ಮತ್ತೆ ಅದನ್ನು ಕೊಡಲಿಲ್ಲ. ಒಂಬೈನೂರು ಕಿಲೋಮೀಟರಿಗೆ ಹತ್ತಿರ ಹತ್ತಿರ. ಆಗ ಹೆದ್ದಾರಿ ಬಹಳ ಕಡೆ ಒಂದೇ ಸಾಲಿನದು. ಮುಂದೆ ಲಾರಿ ಸಿಕ್ಕಿದರೆ ಅದರ ಬಾಲ ನೋಡುತ್ತ ಹೋಗಬೇಕು. ಗೌಲ್ಬರ್ನಿನಲ್ಲಿ ಬೆಳಕಾಯಿತು. ಅಲ್ಲಿಂದ ಮುಂದೆ ಅವಳು ಮೈಲುಗಲ್ಲು ಕೂಗುವವಳು, ನಾನು ವೇಗ ಕೂಗುವವನು. ಮೊದಮೊದಲು ಬಿಗುಮಾನದಿಂದ ಕೂಗಿದಳು. ಗುಂಡಗಾಯ್ ದಾಟುವ ಹೊತ್ತಿಗೆ ಆಟವಾಯಿತು. ಒಂದು ಲಾರಿಯನ್ನು ಹಿಂದೆ ಹಾಕಿದಾಗ ಇಬ್ಬರೂ ಮಕ್ಕಳ ಹಾಗೆ ಕೂಗಿದೆವು. ಮದುವೆಯಾಗಿ ಹದಿಮೂರು ವರ್ಷದಲ್ಲಿ ನಾವಿಬ್ಬರೇ ಅಷ್ಟು ಉದ್ದ ಪ್ರಯಾಣ ಮಾಡಿದ್ದು ಅದೇ ಮೊದಲು. ನಾಚಿಕೆಯ ವಿಷಯ, ನನಗೆ ಖುಷಿಯಾಗುತ್ತಿತ್ತು.

ನಡುಹಗಲಿಗೆ ಆಲ್ಬರಿ. ಅಲ್ಲಿ ಮರ್ರಿ ನದಿ. ಈಚೆ ದಡ ಒಂದು ರಾಜ್ಯ, ಆಚೆ ದಡ ಮೆಲ್ಬರ್ನಿನ ರಾಜ್ಯ. ಮಹಾಲಯ ಅಮಾವಾಸ್ಯೆಯ ದಿನ ಹಿರಿಯರಿಗೆ ಎಳ್ಳುನೀರು ಬಿಡದೆ ನಾನು ಅನ್ನ ಮುಟ್ಟುವಂತಿಲ್ಲ, ಬೆಳಿಗ್ಗೆಯಿಂದ ಕಾಫಿಯ ಮೇಲೇ ಇದ್ದೆ. ಬಾಯಿ ಬಿಟ್ಟು ಕೇಳುವ ಮುಖ ನನಗಿರಲಿಲ್ಲ. ನಾಗುವೇ ವ್ಯಾನಿಟಿ ಬ್ಯಾಗಿನಿಂದ ಎಳ್ಳಿನ ಪೊಟ್ಟಣ ತೆಗೆದು, "ಇಳೀರಿ. ಐದೇ ನಿಮಿಷ" ಎಂದಳು. ಅಷ್ಟು ಗಡಿಬಿಡಿಯಲ್ಲಿಯೂ ನೆನಪಿಟ್ಟು ಕಟ್ಟಿಕೊಂಡು ಬಂದಿದ್ದಳು.

ಪ್ಯಾಂಟು ಮಡಿಸಿ ನೀರಿಗಿಳಿದೆ. ಜನಿವಾರ ಬಲಕ್ಕೆ ಹಾಕಿ ದಕ್ಷಿಣಕ್ಕೆ ತಿರುಗಿದೆ. ಪಿತೃಗಳ ದಿಕ್ಕು ಅದು, ಮೆಲ್ಬರ್ನಿನ ದಿಕ್ಕೂ ಅದೇ. ಸ್ವಲ್ಪ ದೂರದಲ್ಲಿ ಗಾಳ ಹಾಕಿ ಕೂತಿದ್ದ ಮುದುಕ, "ಮೀನಿಗೆ ಏನು ಹಾಕ್ತಿದೀಯಪ್ಪ?" ಎಂದು ತನ್ನ ಭಾಷೆಯಲ್ಲಿ ಕೇಳಿದ. "ಎಳ್ಳು" ಎಂದೆ. "ಅದಕ್ಕೆ ಕಚ್ಚಲ್ಲ" ಎಂದ. ನಾಗು ದಡದಲ್ಲಿ ಮುಖಕ್ಕೆ ಸೆರಗು ಒತ್ತಿಕೊಂಡು ನಕ್ಕಳು. ನಾನು ಅಪ್ಪನ ಹೆಸರು ಹೇಳಿ ಎಳ್ಳುನೀರು ಬಿಟ್ಟೆ. ನನ್ನ ಸುಳ್ಳಿಗೆ ನೆಪ ಮಾಡಿಕೊಂಡಿದ್ದು ಇದೇ ಅಪ್ಪನನ್ನಲ್ಲವೇ? 'ಅಪ್ಪಾ, ನಿನ್ನ ಹೆಸರು ಕೆಡಿಸಿದೆ. ಇವಳ ಕಾಗದ ತಲುಪಿಸು' ಎಂದು ಬೇಡಿಕೊಂಡೆ. ದಡಕ್ಕೆ ಬಂದಾಗ ಎಲ್ಲವನ್ನೂ ಹೇಳಿಬಿಡಬೇಕೆನಿಸಿತು. "ನಾಗು..." ಎಂದೆ. "ಆಮೇಲೆ. ಹತ್ತಿ, ಹತ್ತಿ" ಎಂದು ಚಿತ್ರಾನ್ನದ ಡಬ್ಬಿ ತೆಗೆದು, ಡ್ರೈವ್ ಮಾಡುತ್ತಿದ್ದ ನನಗೆ ತುತ್ತು ತುತ್ತಾಗಿ ತಿನ್ನಿಸಿದಳು. ಆ 'ಆಮೇಲೆ' ಬಹಳ ವರ್ಷ ಬರಲೇ ಇಲ್ಲ.

ಮೆಲ್ಬರ್ನಿಗೆ ಕಾಲಿಟ್ಟಾಗ ನಾಲ್ಕು ದಾಟಿತ್ತು. ಮರುದಿನ ಫುಟ್‌ಬಾಲಿನ ಫೈನಲ್ಲಂತೆ. ಊರಿಗೆ ಊರೇ ಕುತ್ತಿಗೆಗೆ ಬಣ್ಣದ ಮಫ್ಲರು ಸುತ್ತಿಕೊಂಡು ಬೀದಿಯಲ್ಲಿ. ಟ್ರಾಮುಗಳು ಸಾಲಾಗಿ ನಿಂತಿವೆ, ಟ್ರಾಮಿನ ಹಿಂದೆ ನಾವು ನಿಂತಿದ್ದೇವೆ. ನಾಲ್ಕು ಇಪ್ಪತ್ತೈದು. ನಾಲ್ಕು ಮೂವತ್ತೈದು. ನಾಗು ಮ್ಯಾಪು ಮಡಿಸಿ, "ಎರಡು ಬೀದಿ ಅಷ್ಟೇ" ಎಂದವಳೇ ಬಾಗಿಲು ತೆಗೆದು ಇಳಿದಳು. ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಲಕೋಟೆ ಹಿಡಿದು ಬಿಳಿ ಬೂಟಿನಲ್ಲಿ ಓಡಿದಳು. ಜನ ದಾರಿ ಬಿಟ್ಟರು. ಯಾವ ತಂಡದವಳೆಂದು ತಿಳಿದರೋ ಏನೋ, ಕೆಲವರು ಚಪ್ಪಾಳೆ ತಟ್ಟಿ ಕೂಗಿ ಹುರಿದುಂಬಿಸಿದರು. ನಾನು ಸ್ಟೀರಿಂಗ್ ಹಿಡಿದು ಕೂತೇ, "ಓಡೇ ನಾಗು, ಓಡು!" ಎಂದು ಕನ್ನಡದಲ್ಲಿ ಅರಚಿದೆ. ನನ್ನ ಜೀವಮಾನದಲ್ಲಿ ಅಷ್ಟು ಪೂರ್ತಿ ಮನಸ್ಸಿನಿಂದ ಇನ್ನೊಬ್ಬರ ಗೆಲುವು ಬಯಸಿದ್ದು ಅದಕ್ಕೆ ಮುಂಚೆ ಇರಲಿಲ್ಲ. ಹೊಟ್ಟೆಕಿಚ್ಚು ಎಲ್ಲಿ ಹೋಯಿತೋ. ಬಹುಶಃ ನದಿಯಲ್ಲಿ ಬಿಟ್ಟಿದ್ದೆ.

ಅವಳು ಹಿಂದಿರುಗಿದಾಗ ಕಾರನ್ನು ಒಂದು ಬೇಕರಿಯ ಮುಂದೆ ನಿಲ್ಲಿಸಿ ಕಾಯುತ್ತಿದ್ದೆ. ಮಾತಾಡಲು ಉಸಿರಿರಲಿಲ್ಲ ಅವಳಿಗೆ, ರಸೀತಿ ಚಾಚಿದಳು. ನೇರಳೆ ಶಾಯಿಯ ಗುಂಡು ಮೊಹರು, ಚೆನ್ನಾಗಿ ಬಿದ್ದಿತ್ತು. ಅದರ ಪಕ್ಕದಲ್ಲಿ ಯಾರೋ ಪೆನ್ನಿನಲ್ಲಿ ವೇಳೆ ಬರೆದಿದ್ದರು: ಐದಕ್ಕೆ ಹತ್ತು ನಿಮಿಷ. ನಾನು ಆ ಮೊಹರನ್ನು ಎಷ್ಟು ಹೊತ್ತು ನೋಡಿದೆನೆಂದರೆ, "ಟಪಾಲಿನವರ ಬುದ್ಧಿ" ಎಂದು ರೇಗಿಸಿದಳು.

ಇಂಟರ್‌ವ್ಯೂ ಆಯಿತು. ನವೆಂಬರಿನ ಒಂದು ಬೆಳಿಗ್ಗೆ ನಮ್ಮ ಲೆಟರ್ ಬಾಕ್ಸಿನಲ್ಲಿ ಉದ್ದನೆಯ ಲಕೋಟೆ. ಇಲ್ಲ ಎನ್ನುವ ಕಾಗದ ತೆಳ್ಳಗಿರುತ್ತದೆ, ಹೂಂ ಎನ್ನುವುದಕ್ಕೆ ಫಾರಂಗಳಿರುತ್ತವೆ, ದಪ್ಪಗಿರುತ್ತದೆ. ಇದು ದಪ್ಪಗಿತ್ತು! ಒಂದು ಗಳಿಗೆಯೂ ನನ್ನ ಕೈಯಲ್ಲಿ ಇಟ್ಟುಕೊಳ್ಳಲಿಲ್ಲ. ಬಸ್ಸಿಗೆ ಕಾಯುವ ತಾಳ್ಮೆ ಇಲ್ಲದೆ ಆಸ್ಪತ್ರೆಯವರೆಗೆ ಅರ್ಧ ನಡೆದು ಅರ್ಧ ಓಡಿದೆ. ನಾಗು ತಲೆಗೆ ಥಿಯೇಟರಿನ ಹಸಿರು ಟೋಪಿ ಹಾಕಿಕೊಂಡೇ ಹೊರಗೆ ಬಂದು, ಜೇಬಿನ ಕತ್ತರಿಯಿಂದ ಲಕೋಟೆ ಕತ್ತರಿಸಿ ಓದಿದಳು. ಓದಿ, ಕಾರಿಡಾರಿನ ನಡುವೆ ನನ್ನನ್ನು ಅಪ್ಪಿಕೊಂಡಳು. ಅಷ್ಟು ಜನರ ಮುಂದೆ! "ಸಿಕ್ತು ರೀ, ಸೀಟು ಸಿಕ್ತು" ಎಂದು ಕಿವಿಯಲ್ಲಿ ಹೇಳಿದ್ದು ಈಗಲೂ ಕೇಳಿಸುತ್ತದೆ.

ಅವಳು ಒಂದು ವರ್ಷ ಮೆಲ್ಬರ್ನಿನಲ್ಲಿ ಓದಿದಳು. ನಾನು ಪ್ಯಾರಮಟ್ಟಾದಲ್ಲಿ ಸಾರು ಕಲಿತೆ. ತೊಂಬತ್ತರ ದಶಕದಲ್ಲಿ ಎಲ್ಲರೂ ಮೆಲ್ಬರ್ನಿಗೇ ಬಂದು ನೆಲೆಸಿದೆವು. ಎಷ್ಟೋ ಸಾವಿರ ಜನ ಅವಳ ಬೆರಳು ಹಿಡಿದು ನಿದ್ದೆ ಹೋದರು, ಎದ್ದರು. ನನ್ನ ಕಥೆ ಬೇರೆ ದಾರಿ ಹಿಡಿಯಿತು. ಆ ಪ್ರಯಾಣ ಸಂಘದಲ್ಲಿ ಪುರಾಣವಾಯಿತು. "ಹೆಂಡತಿಗೋಸ್ಕರ ಅಮಾವಾಸ್ಯೆ ದಿನ ಸಿಡ್ನಿಯಿಂದ ಓಡಿಸ್ಕೊಂಡು ಬಂದೋರು ಇವರೇ" ಎಂದು ಡಾಕ್ಟರುಗಳು ಬೆನ್ನು ತಟ್ಟಿದರು. ಪಂಚಾಂಗದವನು ಹೆಂಡತಿಯ ಓದಿಗಾಗಿ ಪಂಚಾಂಗ ಮೀರಿದ ಎಂದು ಹೊಗಳಿದರು. ನಾಗು ನಿವೃತ್ತಳಾದ ದಿನ ಭಾಷಣದಲ್ಲಿ, "ಅವತ್ತು ನಮ್ಮ ಯಜಮಾನರು ಇಲ್ಲದಿದ್ದಿದ್ದರೆ ನಾನು ಇಲ್ಲಿ ನಿಂತಿರ್ತಿರಲಿಲ್ಲ" ಎಂದಳು. ಸಭೆಗೆ ಸಭೆಯೇ ಚಪ್ಪಾಳೆ. ನಾನು ಎದ್ದು ನಿಂತು ಕೈ ಮುಗಿದೆ. ಬುಧವಾರ ಮಾಡಿದ್ದಕ್ಕಿಂತ ಹೀನವಾದ ಕೆಲಸ ಅದು ಎಂದು ಈಗ ನನಗೆ ಅನಿಸುತ್ತದೆ.

ಮೊನ್ನೆಯ ದಿನಕ್ಕೆ ಬರುತ್ತೇನೆ. ಮಾಸ್ಕನ್ನು ಮೇಜಿನ ಮೇಲೆ ಬಿಟ್ಟು ನಾಗು ಕನ್ನಡಕ ಹಾಕಿಕೊಂಡು ಆಸ್ಪತ್ರೆಯವರು ಕಳಿಸಿದ್ದ ಫಾರಂ ತುಂಬತೊಡಗಿದಳು. ಅಲರ್ಜಿ ಇದೆಯೇ, ಅಲುಗಾಡುವ ಹಲ್ಲಿದೆಯೇ ಎಂದು ಒಂದೊಂದೇ ಓದಿ, ಉತ್ತರವನ್ನು ತಾನೇ ಬರೆದುಕೊಂಡು ಹೋಗುತ್ತಿದ್ದಳು. ಕೊನೆಯ ಪ್ರಶ್ನೆ ಬಂತು.

"ನಾವು ತಿಳಿದಿರಬೇಕಾದ ಬೇರೆ ವಿಷಯ ಏನಾದರೂ ಇದೆಯೇ? ಇಲ್ಲ ಅಂತ ಬರೀಲಾ?"

"ಇದೆ" ಎಂದೆ.

ಹೇಳಿದೆ. ಕೆಂಪು ಡಬ್ಬಿ, ನಗೆ ಬೀರಿದ ಹೆಂಗಸು, ಚೀಲಕ್ಕೆ ವಾಪಸು ಹೋದ ಲಕೋಟೆ, ಪಿತೃಗಳ ಹೆಸರಿನಲ್ಲಿ ನಾನು ಆಡಿದ್ದು, ನಿವೃತ್ತಿಯ ದಿನ ಕೈ ಮುಗಿದದ್ದು. ಅವಳು ಪೆನ್ನು ಕೆಳಗಿಟ್ಟಳು. ಅಷ್ಟು ವರ್ಷ ರೋಗಿಗಳ ಎದೆ ನೋಡಿದ ಕಣ್ಣು ನನ್ನ ಎದೆಯ ಮೇಲೆ ನಿಂತಿತ್ತು.

"ಡಬ್ಬಿ ಮುಂದೆ ನಿಂತಾಗ ಎಷ್ಟು ಗಂಟೆ?"

"ಐದಕ್ಕೆ ಹತ್ತು ನಿಮಿಷ."

ಅವಳು ಕನ್ನಡಕ ತೆಗೆದು ಮಡಿಸಿಟ್ಟಳು. ಆಮೇಲೆ ಹೇಳಿದಳು: "ಅರಿವಳಿಕೆ ಇಳಿಯೋವಾಗ ಹೇಳಿದ್ರೆ ನಾನು ಕೇಳಿಸಿಕೊಳ್ತಿರಲಿಲ್ಲ. ಎಚ್ಚರದಲ್ಲಿ ಹೇಳಿದ್ದೀರಿ. ಕೇಳಿಸಿಕೊಂಡಿದೀನಿ. ಕೋಪ ಬಂದಿದೆ ರೀ, ಇದು ಇವತ್ತೇ ಹೋಗಲ್ಲ."

"ಹೂಂ" ಎಂದೆ.

ಫಾರಮ್ಮಿಗೆ ಸಹಿ ಹಾಕಿಸಿ ಲಕೋಟೆಗೆ ಹಾಕಿ ಅಂಟಿಸಿದಳು. ನನ್ನ ಕೈಗೆ ಕೊಟ್ಟಳು. ನಾನು ಎದ್ದಾಗ ಅವಳೂ ಎದ್ದು ಅದೇ ಬಿಳಿ ಬಣ್ಣದ, ಈಗಿನ ಕಾಲದ ಬೂಟಿಗೆ ಕಾಲು ತೂರಿಸಿದಳು. "ನಡೀರಿ. ನಾನೂ ಬರ್ತೀನಿ."

ನಮ್ಮ ಮನೆ ಈಗ ಮೆಲ್ಬರ್ನಿನ ಅಂಚಿನ ಟ್ರುಗನಿನಾದಲ್ಲಿ, ಬೀದಿಯ ಕೊನೆಗೆ ಒಂದು ಕೆಂಪು ಡಬ್ಬಿಯಿದೆ. ಇಬ್ಬರೂ ಅಲ್ಲಿಯವರೆಗೆ ನಡೆದೆವು. ನಾನು ರಾಹುಕಾಲ ನೋಡಿರಲಿಲ್ಲ, ನೋಡಬೇಕೆಂದು ನೆನಪೂ ಆಗಲಿಲ್ಲ. ಅವಳು ಒಂದು ಹೆಜ್ಜೆ ಹಿಂದೆ ಕೈ ಕಟ್ಟಿ ನಿಂತು ನೋಡಿದಳು. ನಾನು ಲಕೋಟೆಯನ್ನು ಬಿಟ್ಟೆ. ಒಳಗೆ ಬಿದ್ದ ಸದ್ದು ಇಬ್ಬರಿಗೂ ಕೇಳಿಸಿತು.

"ಎಚ್ಚರ ಆಗೋವರೆಗೂ ತಲೆ ಹತ್ತಿರ ಇರ್ತೀನಿ" ಎಂದಳು ನಾಗು, ದಾರಿಯ ಕಡೆ ನೋಡುತ್ತ. "ಅಲ್ಲಿ ನೀವು ಏನು ಹೇಳಿದ್ರೂ ಕೇಳಿಸಿಕೊಳ್ಳಲ್ಲ. ಹೇಳೋದು ಇನ್ನೇನಾದ್ರೂ ಇದ್ರೆ ಮನೆ ಸೇರೋದ್ರೊಳಗೆ ಹೇಳಿಬಿಡಿ."

ದಾರಿಯುದ್ದಕ್ಕೂ ಹುಡುಕಿದೆ. ಏನೂ ಉಳಿದಿರಲಿಲ್ಲ.